ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ

ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಮಂದಿ ಒಕ್ಕಲುತನದ ಮನೆಗಳಿಂದ ಬಂದವರು. ಹತ್ತಿ, ಕಡಲೆ, ಮೆಣಸಿನಕಾಯಿ ಮಾರಿದ ಹಣದಲ್ಲಿ ಲ್ಯಾಪ್‌ಟಾಪ್ ಕೊಳ್ಳುವದೆಂದರೆ ಅಂಥ ಮನೆಗೆ ಎತ್ತು ಕೊಂಡಷ್ಟೇ ದೊಡ್ಡ ಕಾರ್ಯ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಡೆಸಿ ನೋಡುತ್ತೇವೆ. ಲ್ಯಾಪ್‌ಟಾಪ್ ಕೊಳ್ಳುವಾಗ ಮಾತ್ರ ಬೆಲೆಯನ್ನೂ ಬಣ್ಣವನ್ನೂ ನೋಡಿ ಹಣ ಎಣಿಸಿಬಿಡುತ್ತೇವೆ. ಅದರೊಳಗೆ ಯಾವ ಕಾರ್ಯವ್ಯವಸ್ಥೆ ಇದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಏಕೆ ಕೇಳಬೇಕೆಂಬದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಕೀಲಿಮಣೆ, ಪರದೆ, ಸ್ಮರಣೆ ಮೊದಲಾದ ಅಂಗಗಳನ್ನು ಹೊಂದಿಸಿ ದುಡಿಸುವ ಮೂಲ ತಂತ್ರಾಂಶವೇ ಕಾರ್ಯವ್ಯವಸ್ಥೆ. ಅದಿಲ್ಲದ ಯಂತ್ರ ನೊಗವಿಲ್ಲದ ಬಂಡಿಯಂತೆ. ನಾವು ಹೆಚ್ಚಾಗಿ ಕಾಣುವ ವಿಂಡೋಸ್ ಮೈಕ್ರೋಸಾಫ್ಟ್ ಕಂಪನಿಯದು. ಅದರ ಪರವಾನಿಗೆಯ ಬೆಲೆ ಯಂತ್ರದ ಬೆಲೆಯಲ್ಲಿಯೇ ಅಡಗಿರುತ್ತದೆ. ಇನ್ನೊಂದು ದಾರಿಯೂ ಉಂಟು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಎಲ್ಲರೂ ಬಳಸಬಹುದಾದ ಮುಕ್ತ ವ್ಯವಸ್ಥೆಯೊಂದನ್ನು ಕಟ್ಟುವದಾಗಿ ಸಾರಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ತರುಣನು ಅದಕ್ಕೆ ಒದಗುವಂಥ ತಿರುಳನ್ನು ಬರೆದನು, ಅದೇ ಲಿನಕ್ಸ್. ಆಗ ಆತನೂ ನಮ್ಮಂತೆ ವಿದ್ಯಾರ್ಥಿ, ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದನು. ಇವೆರಡರ ಆಧಾರದ ಮೇಲೆ 2004ರಲ್ಲಿ ಹೊರಬಂದ ಉಬುಂಟು ಇಂದು ಬಹಳ ಬಳಕೆಯಲ್ಲಿದೆ.

ಮುಕ್ತವೆಂದರೆ ಕೇವಲ ಬಿಟ್ಟಿ ಎಂದಲ್ಲ. ನಮ್ಮ ಕರಿಭೂಮಿಯಲ್ಲಿ ಜಯಧರ ಹತ್ತಿ ಬೆಳೆದ ಒಕ್ಕಲಿಗನು ಬೀಜವನ್ನು ಮನೆಯಲ್ಲಿಯೇ ಕಾದಿಡಬಹುದಾಗಿತ್ತು, ನೆರೆಯವನಿಗೂ ಕೊಡಬಹುದಾಗಿತ್ತು. ಹೈಬ್ರಿಡ್ ಹತ್ತಿಯ ಬೀಜವನ್ನಾದರೋ ವರ್ಷವರ್ಷವೂ ಅಂಗಡಿಯಿಂದಲೇ ತರಬೇಕು. ಮುಕ್ತ ತಂತ್ರಾಂಶ ಮನೆಯ ಬೀಜದಂತೆ. ಅದನ್ನು ಬಳಸಲು, ಒಳಗನ್ನು ಅಭ್ಯಸಿಸಲು, ತಿದ್ದಲು, ಇತರರಿಗೆ ಹಂಚಲು ಪರವಾನಿಗೆಯೇ ಅಧಿಕಾರ ಕೊಡುತ್ತದೆ. ಕೊಟ್ಟ ಬೀಜ ನಮ್ಮ ಕಣಜದಿಂದ ಕಡಿಮೆಯಾದೀತು. ಕೊಟ್ಟ ತಂತ್ರಾಂಶ ಕಡಿಮೆಯಾಗುವದಿಲ್ಲ.

ಇನ್ನು ಅಂಗಡಿಯ ಮಾತು. ಅಲ್ಲಿ ಮೂರು ಬಗೆಯ ಯಂತ್ರಗಳು ಸಿಕ್ಕಾವು: ವಿಂಡೋಸ್ ಇರುವವು, ಉಬುಂಟುವಿನಂಥ ಲಿನಕ್ಸ್ ಇರುವವು, ‘ಡಾಸ್’ ಎಂಬ ಚೀಟಿಯವು. ಈ ಮೂರನೆಯ ಬಗೆಯಲ್ಲಿ ಎಚ್ಚರ ಬೇಕು. 1994ರಲ್ಲಿ ಆರಂಭವಾದ ಫ್ರೀಡಾಸ್ ಕೂಡ ಮುಕ್ತ ತಂತ್ರಾಂಶವೇ ಸರಿ. ಆದರೆ ಇಂದಿನ ವಿದ್ಯಾರ್ಥಿಯ ಕೆಲಸ ಅದರಿಂದ ಸಾಗದು. ಬೆಲೆ ಕಡಿಮೆಯೆಂದು ಅದನ್ನು ಕೊಂಡರೆ, “ವಿಂಡೋಸ್ ನಾನೇ ಹಾಕಿಕೊಡುತ್ತೇನೆ” ಎನ್ನುವ ಅಂಗಡಿಕಾರನ ಮಾತು ಬೆನ್ನಿಗೇ ಬರುತ್ತದೆ. ನಾನು ವಿಚಾರಿಸಲು ಹೋದ ಒಂದು ಅಂಗಡಿಯಲ್ಲಿಯೂ ಅದೇ ಮಾತು ಬಂದಿತು. ಪರವಾನಿಗೆಯ ರಶೀದಿ ಕೇಳಿದೆನು, ಉತ್ತರ ಬರಲಿಲ್ಲ. ಅಂಥ ಕಳ್ಳಪ್ರತಿ ಕಾಯದೆಗೆ ವಿರುದ್ಧವಾದದ್ದು. ವೈರಸ್ಸುಗಳಿಗೂ ಬಾಗಿಲು ತೆರೆದಿಟ್ಟಂತೆ.

ಬರಿಯ ಯಂತ್ರ ಕೊಂಡು ಲಿನಕ್ಸನ್ನು ನಾವೇ ಹಾಕಿಕೊಳ್ಳಬಾರದೆ? ಬಲ್ಲವರು ಧಾರಾಳವಾಗಿ ಹಾಕಿಕೊಳ್ಳಬಹುದು. ಆದರೆ ಮೊದಲೇ ಅಳವಡಿಸಿ ಮಾರುವಲ್ಲಿ ವೈಫೈ, ಧ್ವನಿ, ಕ್ಯಾಮರಾಗಳು ಆ ಯಂತ್ರದಲ್ಲಿ ನಡೆಯುವವೆಂಬದನ್ನು ತಯಾರಕರೇ ನೋಡಿಕೊಂಡಿರುತ್ತಾರೆ. ಕಲಘಟಗಿಯ ಅಥವಾ ಕುಂದಗೋಳದ ಹಳ್ಳಿಯಿಂದ ದುರಸ್ತಿಗೆಂದು ಹುಬ್ಬಳ್ಳಿಗೆ ಹೋಗಿ ಬರಲು ಒಂದು ದಿನದ ಪಾಠ ಕಳೆಯುವ ನಮಗೆ ಇದು ಸಣ್ಣ ಅನುಕೂಲವಲ್ಲ. ಡೆಲ್ ಕಂಪನಿ 2007ರಿಂದಲೇ ಉಬುಂಟು ಅಳವಡಿಸಿದ ಯಂತ್ರಗಳನ್ನು ಮಾರತೊಡಗಿತು. 2012ರಲ್ಲಿ ಭಾರತದ 850 ಅಂಗಡಿಗಳಲ್ಲಿ ಅವನ್ನು ಇಡುವದಾಗಿ ಪ್ರಕಟವಾಯಿತು.

ಕನ್ನಡದ ಗತಿಯೇನೆಂದು ಕೇಳುವಿರಿ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ ಲಿನಕ್ಸಿನಲ್ಲಿಯೂ ದೊರೆಯುತ್ತದೆ. ಲಿಬ್ರೆಆಫೀಸಿನಲ್ಲಿ ಯೂನಿಕೋಡ್ ಕನ್ನಡದಲ್ಲಿ ಪ್ರಬಂಧವನ್ನು ಸುಖವಾಗಿ ಬರೆಯಬಹುದು. ಆದರೆ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚಾದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕಾದೀತು. ಟ್ಯಾಲಿಯಂಥ ವಿಂಡೋಸಿನ ತಂತ್ರಾಂಶವನ್ನೇ ಕಲಿಯಬೇಕಾದವರಿಗೆ ವಿಂಡೋಸ್ ಯಂತ್ರವೇ ಯೋಗ್ಯ. ನಮ್ಮಂಥ ಕಲಾ ವಿಭಾಗದವರ ಓದು, ಬರಹ, ಹುಡುಕಾಟಗಳಿಗೆ ಲಿನಕ್ಸ್ ಸಾಕು.

ಇದು ಬರಿಯ ಉತ್ಸಾಹದ ಮಾತಲ್ಲ. ಕೇರಳದ ಸರಕಾರಿ ಶಾಲೆಗಳು ವರ್ಷಗಟ್ಟಲೆ ಲಿನಕ್ಸಿನಲ್ಲಿಯೇ ಪಾಠ ನಡೆಯಿಸಿವೆ. ನಮ್ಮ ರಾಜ್ಯದಲ್ಲಿಯೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟುವಿನ ಮೇಲೆ ಕೈ ಪಳಗಿಸಿಕೊಂಡರು. ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ಧೋರಣೆಯನ್ನು ಭಾರತ ಸರಕಾರ 2015ರಲ್ಲಿ ಪ್ರಕಟಿಸಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಒಗ್ಗದ ಹಳೆಯ ಯಂತ್ರಗಳು ಲಿನಕ್ಸಿನಿಂದ ಇನ್ನೂ ಕೆಲವು ವರ್ಷ ದುಡಿದಾವು.

ಆದಕಾರಣ ಮಿತ್ರರು ಅಂಗಡಿಯಲ್ಲಿ ನಾಲ್ಕು ಕೆಲಸ ಮಾಡಬೇಕು. ಕಾರ್ಯವ್ಯವಸ್ಥೆಯ ಹೆಸರನ್ನು ಕೇಳಬೇಕು. ಅದನ್ನು ರಶೀದಿಯಲ್ಲಿ ಬರೆಯಿಸಬೇಕು. ಅಲ್ಲಿಯೇ ಯಂತ್ರ ನಡೆಸಿ ವೈಫೈಯನ್ನೂ ಕನ್ನಡ ಬರಹವನ್ನೂ ಪರೀಕ್ಷಿಸಬೇಕು. ಅದೇ ಬಗೆಯ ವಿಂಡೋಸ್ ಯಂತ್ರದ ಬೆಲೆಯೊಡನೆ ಹೋಲಿಸಬೇಕು. ಬೆಲೆಯಲ್ಲಿ ಉಳಿತಾಯವಾದರೆ ಆ ಹಣ ಪುಸ್ತಕಕ್ಕೆ ಒದಗೀತು. ಆಗದಿದ್ದರೂ ರಶೀದಿಯುಳ್ಳ, ಗುರುಗಳೆದುರಿಗೆ ಸಂಕೋಚವಿಲ್ಲದೆ ತೆರೆಯಬಹುದಾದ ಯಂತ್ರ ನಮ್ಮದಾದೀತು. ಬೆವರಿನ ಹಣದಿಂದ ಕೊಂಡ ಸಾಧನದೊಳಗೆ ಕದ್ದ ವಸ್ತು ಇರುವದು ಒಕ್ಕಲಿಗನ ಮನೆಗೆ ಒಪ್ಪುವ ಮಾತಲ್ಲ.