ಕಣ್ಣಿನ ಪೊರೆ

ಅಕ್ಕಿಯಲ್ಲಿನ ಕಲ್ಲನ್ನು ಆರಿಸುವುದರಲ್ಲಿ ನಮ್ಮ ಅಜ್ಜಿ ನೆರೆಹೊರೆಗೆಲ್ಲ ಹೆಸರಾದವರು. ಅರವತ್ತು ದಾಟಿದ ಮೇಲೆ ಅವರ ಮೊರದಲ್ಲಿಯೂ ಕಲ್ಲುಗಳು ಉಳಿಯತೊಡಗಿದವು. ಹಗಲಿನಲ್ಲಿಯೂ ಮಂಜು ಕವಿದಂತಿದೆ, ದೀಪವನ್ನು ನೋಡಿದರೆ ಕಣ್ಣು ಕುಕ್ಕುತ್ತದೆ ಎಂದು ಅವರು ಹೇಳುತ್ತಿದ್ದರು. "ಪೊರೆ ಬಂದಿದೆ, ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು" ಎಂದು ಹಿರಿಯರು ಸಮಾಧಾನ ಹೇಳಿದರು. ಹೀಗೆಯೇ ಆರು ವರ್ಷಗಳು ಕಳೆದವು. ಕೊನೆಗೆ ಅವರು ನನ್ನನ್ನು ಮುಖ ಸವರಿ ಗುರುತಿಸುವಂತಾಯಿತು.

‘ಪೊರೆ’ ಮತ್ತು ‘ಹಣ್ಣಾಗುವುದು’ ಎಂಬ ಈ ಎರಡು ಮಾತುಗಳು ಎಷ್ಟೋ ಜನರನ್ನು ಕತ್ತಲೆಯಲ್ಲಿ ಕಾಯಿಸಿವೆ. ಅವುಗಳ ನಿಜವಾದ ಅರ್ಥವನ್ನು ತಿಳಿಯುವುದು ಲೇಸು.

ಪೊರೆ ಎಂದೊಡನೆ ಹಾವಿನ ಪೊರೆಯಂತೆ ಕಣ್ಣಿನ ಮೇಲೆ ಏನೋ ಹಬ್ಬಿಕೊಂಡಿದೆ ಎನ್ನಿಸುತ್ತದೆ. ವಾಸ್ತವವಾಗಿ ದೋಷವಿರುವುದು ಕಣ್ಣಿನ ಒಳಗೆ. ಪಾಪೆಯ ಹಿಂದೆ ಗಾಜಿನಷ್ಟು ಸ್ವಚ್ಛವಾದ ಮಸೂರವೊಂದಿದೆ. ನೀರು ಮತ್ತು ಪ್ರೋಟೀನುಗಳಿಂದಾದ ಅದು ಬೆಳಕನ್ನು ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ವಯಸ್ಸಾದಂತೆ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು, ಬೇಯಿಸಿದ ಮೊಟ್ಟೆಯ ಲೋಳೆಯಂತೆ ಮಸೂರ ಮಸುಕಾಗುತ್ತದೆ. ಮಧುಮೇಹ, ಧೂಮಪಾನ, ಕಣ್ಣಿಗಾದ ಪೆಟ್ಟು ಇವು ಅದನ್ನು ಬೇಗ ತರಬಲ್ಲವು. ಒಳಗಿನ ಈ ಮಸುಕನ್ನು ಯಾವ ಹನಿ ಔಷಧವೂ, ಸೊಪ್ಪಿನ ರಸವೂ ತೊಳೆಯಲಾರದು.

ಹಣ್ಣಾಗಲಿ ಎಂಬ ಮಾತಿಗೆ ಹಿಂದೆ ಕಾರಣವಿತ್ತು. ಆಗ ಮಸೂರವನ್ನು ತೆಗೆದ ಮೇಲೆ ಅದರ ಸ್ಥಾನದಲ್ಲಿ ಏನನ್ನೂ ಇಡುತ್ತಿರಲಿಲ್ಲ. ರೋಗಿ ಕೆಲವು ದಿನ ಅಲುಗಾಡದೆ ಮಲಗಿ, ಬಳಿಕ ದಪ್ಪ ಕನ್ನಡಕವನ್ನೇ ಆಶ್ರಯಿಸಬೇಕಾಗಿತ್ತು. ಆದುದರಿಂದ ಇದ್ದ ದೃಷ್ಟಿ ನಿರುಪಯೋಗಿಯಾಗುವವರೆಗೂ ಕಾಯುತ್ತಿದ್ದರು. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ನೇತ್ರ ಶಿಬಿರಗಳನ್ನು ನಡೆಸಿ ಅಸಂಖ್ಯ ಬಡವರಿಗೆ ಬೆಳಕು ನೀಡಿದರು. 2005ರಲ್ಲಿ ನಿಧನರಾದ ಅವರನ್ನು ನಾಡು ‘ಕಣ್ಣು ಕೊಟ್ಟ ಅಣ್ಣ’ನೆಂದು ನೆನೆಯುತ್ತದೆ.

ಈ ನಡುವೆ ವಿಜ್ಞಾನ ಮುಂದುವರಿದಿತ್ತು. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಚಾಲಕರ ಕಣ್ಣಿಗೆ ಸಿಡಿದ ಪ್ಲಾಸ್ಟಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡದ್ದನ್ನು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. 1949ರಲ್ಲಿ ಲಂಡನ್ನಿನಲ್ಲಿ ಅಂತಹುದೇ ವಸ್ತುವಿನ ಕೃತಕ ಮಸೂರವನ್ನು ಕಣ್ಣಿನೊಳಗಿಟ್ಟರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಶ್ರವಣಾತೀತ ತರಂಗಗಳಿಂದ ಮಸೂರವನ್ನು ಪುಡಿಗೈದು ಹೀರಿ ತೆಗೆಯುವ ವಿಧಾನವನ್ನು ರೂಪಿಸಿದರು. ಇಂದು ಪೊರೆ ಹಣ್ಣಾಗುವವರೆಗೆ ಕಾಯಬೇಕಾಗಿಲ್ಲ. ಬಲಿತು ಗಟ್ಟಿಯಾದಷ್ಟೂ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ. ಓದು, ನಡಿಗೆ, ದುಡಿಮೆಗೆ ಅಡ್ಡಿಯಾದಾಗ ವೈದ್ಯರನ್ನು ಕಾಣುವುದೇ ಸರಿ.

ಕೆಲವು ವರ್ಷಗಳ ಹಿಂದೆ ನನ್ನ ಕಣ್ಣಿಗೂ ಈ ಚಿಕಿತ್ಸೆಯಾಯಿತು. ಮೊದಲು ರಕ್ತದೊತ್ತಡ, ಸಕ್ಕರೆಯ ಅಂಶಗಳನ್ನು ಪರೀಕ್ಷಿಸಿ, ಕಣ್ಣನ್ನು ಅಳೆದು ಮಸೂರದ ಶಕ್ತಿಯನ್ನು ನಿರ್ಧರಿಸಿದರು. ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿದರು. ಎಚ್ಚರವಾಗಿದ್ದರೂ ನೋವು ತಿಳಿಯಲಿಲ್ಲ. ಬೆಳಕಿನ ಛಾಯೆಗಳಷ್ಟೇ ಕಂಡವು. ಎರಡು ಮೂರು ಮಿಲಿಮೀಟರಿನ ಸೀಳಿನಿಂದ ಹಳೆಯ ಮಸೂರ ಹೊರಬಂದು, ಮಡಿಸಿದ ಹೊಸ ಮಸೂರ ಒಳಹೋಗಿ ಬಿಚ್ಚಿಕೊಂಡಿತು. ಅರ್ಧ ಗಂಟೆಯೊಳಗೆ ಎಲ್ಲವೂ ಮುಗಿದು ಅಂದೇ ಮನೆಗೆ ಮರಳಿದೆ.

ಆ ಬಳಿಕ ಕೆಲವು ವಾರ ಹನಿ ಔಷಧವನ್ನು ತಪ್ಪದೆ ಹಾಕಬೇಕು, ಕಣ್ಣನ್ನು ಉಜ್ಜಬಾರದು, ಕೊಳೆನೀರು ತಾಗದಂತೆ ನೋಡಿಕೊಳ್ಳಬೇಕು. ತುಸು ಕಿರಿಕಿರಿ ಸಹಜ. ಆದರೆ ತೀವ್ರ ನೋವು, ಹೆಚ್ಚುತ್ತಿರುವ ಕೆಂಪು, ಕುಂದುತ್ತಿರುವ ದೃಷ್ಟಿ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಓದಲು ಕನ್ನಡಕ ಬೇಕಾಗಬಹುದು. ಅಕ್ಷಿಪಟಲಕ್ಕೆ ಬೇರೆ ರೋಗವಿದ್ದರೆ ದೃಷ್ಟಿ ಪೂರ್ಣವಾಗಿ ಮರಳದಿರಬಹುದು.

ನಮ್ಮ ಅಜ್ಜಿಗೆ ಶಿಬಿರವೊಂದರಲ್ಲಿ ಶಸ್ತ್ರಚಿಕಿತ್ಸೆಯಾದದ್ದು 1973ರಲ್ಲಿ. ದಪ್ಪ ಕನ್ನಡಕವನ್ನು ಧರಿಸಿ ಅವರು ನನ್ನನ್ನು ಬಹಳ ಹೊತ್ತು ದಿಟ್ಟಿಸಿದರು. "ಮೀಸೆ ಮೂಡುತ್ತಿದೆಯಲ್ಲೋ! ನಾನು ಕೊನೆಯ ಸಲ ನೋಡಿದಾಗ ನಿನಗೆ ಹಾಲುಹಲ್ಲು ಬೀಳುತ್ತಿತ್ತು" ಎಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ.

ಕಣ್ಣು ಮರಳಿತು, ಕಳೆದ ವರ್ಷಗಳು ಮರಳಲಿಲ್ಲ. ನಿಮ್ಮ ಮನೆಯ ಹಿರಿಯರು ಮಂಜು ಕವಿದಂತಿದೆ ಎಂದಾಗ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿರಿ. ಕೈಹಿಡಿದು ವೈದ್ಯರ ಬಳಿಗೆ ಕರೆದೊಯ್ಯಿರಿ.