ಅನ್ಯಗ್ರಹದ ದಾಳಿಯೂ ಕುಂಪಣಿಯ ದಾಳಿಯೂ: ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಚಿತ್ರವನ್ನು ಸಂಗೊಳ್ಳಿಯ ನೆಲೆಯಿಂದ ಓದುವ ಒಂದು ಯತ್ನ

ಭೂಮಿಯ ಮೇಲೆ ಅನ್ಯಗ್ರಹದ ಜೀವಿಗಳು ದಾಳಿಯಿಡುವ ಕಥಾವಸ್ತು ವಿಜ್ಞಾನ ಚಲನಚಿತ್ರಗಳಲ್ಲಿ ಹೊಸದಲ್ಲ. ಜಾರ್ಜ್ ಪಾಲ್ ನಿರ್ಮಿಸಿ, ಬೈರನ್ ಹಾಸ್ಕಿನ್ ನಿರ್ದೇಶಿಸಿದ 1953ರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಈ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಈ ಚಿತ್ರವನ್ನು ಕುರಿತ ಚರ್ಚೆಗಳು ಬಹುಮಟ್ಟಿಗೆ ಅದರ ತಾಂತ್ರಿಕ ಸಾಧನೆಗೆ ಹಾಗೂ ಶೀತಲ ಸಮರದ ಅಮೆರಿಕದ ಭಯಗಳಿಗೆ ಸೀಮಿತವಾಗಿವೆ. ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯಂತಹ ಊರಿನಲ್ಲಿ ನಿಂತು ನೋಡುವವನಿಗೆ ಅದು ಬೇರೆಯದೇ ಚಿತ್ರವಾಗಿ ಕಾಣುತ್ತದೆ. ಹೊರಗಿನಿಂದ ಬಂದವರ ದಾಳಿ ಇಲ್ಲಿ ಕಲ್ಪನೆಯ ವಸ್ತುವಲ್ಲ. ಅದಕ್ಕೆ ತಾರೀಖುಗಳಿವೆ, ಸಮಾಧಿಗಳಿವೆ, ಹಾಡುಗಳೂ ಇವೆ. ಈ ಎರಡು ದಾಳಿಕಥನಗಳನ್ನು ಮುಖಾಮುಖಿಯಾಗಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂತಹ ಹೋಲಿಕೆಗೆ ಮೂಲಕೃತಿಯೇ ಅವಕಾಶ ಮಾಡಿಕೊಡುತ್ತದೆ. ಎಚ್.ಜಿ. ವೆಲ್ಸ್‌ನ ಕಾದಂಬರಿ 1897ರಲ್ಲಿ ಧಾರಾವಾಹಿಯಾಗಿ, 1898ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಅದರ ಮೊದಲ ಅಧ್ಯಾಯದಲ್ಲಿಯೇ ವೆಲ್ಸ್ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ಐರೋಪ್ಯ ವಲಸಿಗರು ಐವತ್ತು ವರ್ಷಗಳಲ್ಲಿ ನಿರ್ನಾಮ ಮಾಡಿದ್ದನ್ನು ನೆನೆದು, ಮಂಗಳದ ಜೀವಿಗಳನ್ನು ದೂರುವ ನೈತಿಕ ಹಕ್ಕು ನಮಗಿದೆಯೇ ಎಂಬ ಪ್ರಶ್ನೆಯನ್ನು ಎತ್ತುತ್ತಾನೆ. ತನ್ನ ಸಹೋದರನೊಡನೆ ಟಾಸ್ಮೇನಿಯಾವನ್ನು ಕುರಿತು ನಡೆದ ಮಾತುಕತೆಯಲ್ಲಿ ಈ ಕಲ್ಪನೆ ಹುಟ್ಟಿತೆಂದು ಅವನೇ ದಾಖಲಿಸಿದ್ದಾನೆ. ಅಂದರೆ ಸಾಮ್ರಾಜ್ಯದ ರಾಜಧಾನಿಯ ಪ್ರಜೆಗಳನ್ನು ಒಮ್ಮೆ ವಸಾಹತಿನ ಪ್ರಜೆಗಳ ಸ್ಥಾನದಲ್ಲಿ ನಿಲ್ಲಿಸಿ ನೋಡುವ ಕನ್ನಡಿಯಾಗಿ ಈ ಕಾದಂಬರಿ ರಚಿತವಾಗಿದೆ.

1953ರ ಚಿತ್ರ ಈ ಕನ್ನಡಿಯನ್ನು ಕೈಬಿಟ್ಟಿದೆ. ಕಥೆ ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಾಕ್ಕೆ ಸ್ಥಳಾಂತರಗೊಂಡಿದೆ, ಟಾಸ್ಮೇನಿಯಾದ ಉಲ್ಲೇಖ ಕಾಣೆಯಾಗಿದೆ. ಸರ್ ಸೆಡ್ರಿಕ್ ಹಾರ್ಡ್‌ವಿಕ್‌ನ ನಿರೂಪಣೆಯ ಧ್ವನಿ ಒಂದೊಂದೇ ಗ್ರಹವನ್ನು ಪರಿಶೀಲಿಸುತ್ತ, ಮಂಗಳದವರಿಗೆ ಭೂಮಿಯೊಂದೇ ಯೋಗ್ಯ ನೆಲೆಯೆಂದು ನಿರ್ಣಯಿಸುತ್ತದೆ. ಈ ಧ್ವನಿ ಯಾರದು, ಎಲ್ಲಿ ನಿಂತು ಮಾತನಾಡುತ್ತಿದೆ ಎಂಬುದು ತಿಳಿಯುವುದಿಲ್ಲ. ನೆಲವನ್ನು ನಕ್ಷೆಯಾಗಿ ಮಾತ್ರ ನೋಡುವ ಸರ್ವೇಕ್ಷಣಾಧಿಕಾರಿಯ ದೃಷ್ಟಿ ಅದರಲ್ಲಿದೆ.

ಚಿತ್ರದ ಎರಡು ಸನ್ನಿವೇಶಗಳು ಇಲ್ಲಿ ಮುಖ್ಯವಾದವು. ಮೊದಲನೆಯದರಲ್ಲಿ ಮೂವರು ಕಾವಲುಗಾರರು ಬಿಳಿಯ ಬಾವುಟ ಹಿಡಿದು ಯಂತ್ರದ ಬಳಿಗೆ ನಡೆದು ಭಸ್ಮವಾಗುತ್ತಾರೆ. ಎರಡನೆಯದರಲ್ಲಿ ಪಾದ್ರಿ ಕಾಲಿನ್ಸ್ ಧರ್ಮಗ್ರಂಥವನ್ನೆತ್ತಿ ಹಿಡಿದು ಪ್ರಾರ್ಥಿಸುತ್ತ ಸಾಗಿ ಅದೇ ಗತಿಯನ್ನು ಪಡೆಯುತ್ತಾನೆ. ಬಂದವರು ನಮಗಿಂತ ಮುಂದುವರಿದವರಾದರೆ ಸೃಷ್ಟಿಕರ್ತನಿಗೂ ಹೆಚ್ಚು ಸಮೀಪದವರಾಗಿರಬೇಕು ಎಂಬುದು ಅವನ ನಂಬಿಕೆ. ‘ಮುಂದುವರಿದವರು’ ಎಂಬ ಈ ಒಂದು ಪದದ ಸುತ್ತ ಕಟ್ಟಿಕೊಂಡ ನಂಬಿಕೆಯ ಇತಿಹಾಸ ನಮ್ಮಲ್ಲಿಯೂ ದೊಡ್ಡದು. ಯಂತ್ರವುಳ್ಳವರಲ್ಲಿ ನ್ಯಾಯವೂ ಇರಲೇಬೇಕೆಂದು ನಂಬಿದ ಓದುಬಲ್ಲವರು ಹತ್ತೊಂಬತ್ತನೆಯ ಶತಮಾನದ ಕರ್ನಾಟಕದಲ್ಲಿ ಕಡಿಮೆಯಿರಲಿಲ್ಲ.

ಆದರೆ ಕಿತ್ತೂರು ಸೀಮೆಗೆ ಕುಂಪಣಿ ಬಂದದ್ದು ಉಷ್ಣಕಿರಣದ ರೂಪದಲ್ಲಿ ಅಲ್ಲ, ಕಾಗದದ ರೂಪದಲ್ಲಿ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ದತ್ತುಸ್ವೀಕಾರಕ್ಕೆ ಮನ್ನಣೆಯಿಲ್ಲವೆಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ತಿಳಿಸಿದ. ತೋಪುಗಳು ಬಂದದ್ದು ಆಮೇಲೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನವರು ಕೋಟೆಯ ಬಾಗಿಲು ತೆರೆದು ನುಗ್ಗಿದಾಗ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲಿದ್ದ ರಾಣಿ ಚೆನ್ನಮ್ಮ 1829ರಲ್ಲಿ ತೀರಿಕೊಂಡರು. ಅನಂತರ ದಂಗೆಯೆದ್ದ ಸಂಗೊಳ್ಳಿ ರಾಯಣ್ಣನ ಕೈಗೆ ಸಿಕ್ಕಿ ಸುಟ್ಟುಹೋದವುಗಳಲ್ಲಿ ಬೀಡಿಯ ಸರಕಾರಿ ಕಚೇರಿಯೂ ಒಂದು. ಊರ ಚಾಕರಿಗಾಗಿ ಹೊಲ ಅನುಭವಿಸುತ್ತಿದ್ದ ಮನೆತನದವನಿಗೆ, ಆ ಹೊಲದ ಹಣೆಬರಹವನ್ನು ಬರೆಯುವ ದಫ್ತರವೇ ಶತ್ರುವಿನ ನಿಜವಾದ ಯಂತ್ರವೆಂಬುದು ತಿಳಿದಿತ್ತು ಎಂದೇ ನಾನು ಭಾವಿಸುತ್ತೇನೆ. ಮಂಗಳದವರು ಒಂದೇ ಒಂದು ಪಹಣಿಯನ್ನೂ ಬರೆಯುವುದಿಲ್ಲ. ಆ ಕಾರಣಕ್ಕಾಗಿಯೇ ಅವರ ಆಳ್ವಿಕೆಯ ಕಲ್ಪನೆ ಚಿತ್ರಕ್ಕೆ ದಕ್ಕಿಲ್ಲ. ನಾಶದ ಕಲ್ಪನೆ ಮಾತ್ರ ದಕ್ಕಿದೆ.

ದ್ರೋಹದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ರಾಯಣ್ಣನು 1830ರಲ್ಲಿ ಸೆರೆಸಿಕ್ಕದ್ದು ಸ್ವಜನರ ಮೋಸದಿಂದ ಎಂಬುದನ್ನು ಈ ಭಾಗದ ಯಾವ ಲಾವಣಿಕಾರನೂ ಮರೆಯುವುದಿಲ್ಲ. ಹಾಡಿನ ಕರುಣರಸವೆಲ್ಲ ಅಲ್ಲಿಯೇ ಮಡುಗಟ್ಟುತ್ತದೆ. ವೆಲ್ಸ್‌ನಿಗೂ ಇದು ಗೊತ್ತಿತ್ತು. ಕಾದಂಬರಿಯ ಫಿರಂಗಿದಳದ ಸೈನಿಕನೊಬ್ಬ, ಮುಂದೆ ಮನುಷ್ಯರಲ್ಲಿಯೇ ಕೆಲವರು ಮಂಗಳದವರಿಂದ ತರಬೇತಿ ಪಡೆದು ಮನುಷ್ಯರನ್ನು ಬೇಟೆಯಾಡುವರೆಂದು ಹೇಳುತ್ತಾನೆ. ಸಾಮ್ರಾಜ್ಯಗಳು ನಡೆಯುವ ರೀತಿಯನ್ನು ಬಲ್ಲ ಮಾತು ಇದು. ಚಿತ್ರ ಈ ಪಾತ್ರವನ್ನೇ ತೆಗೆದುಹಾಕಿದೆ. ಅದರ ಬದಲಿಗೆ ಲಾಸ್ ಏಂಜಲೀಸಿನ ಗುಂಪು ವಿಜ್ಞಾನಿಗಳ ಟ್ರಕ್ಕನ್ನು ಕಸಿದುಕೊಂಡು ಉಪಕರಣಗಳನ್ನು ಹಾಳುಗೆಡಹುವ ದೃಶ್ಯವಿದೆ. ಭಯದಿಂದ ಕೆಟ್ಟ ಗುಂಪನ್ನು ಚಿತ್ರ ತೋರಿಸಬಲ್ಲದು, ಲಾಭಕ್ಕಾಗಿ ಶತ್ರುವಿನ ಜೊತೆ ಕೂಡಿಕೊಂಡವನನ್ನು ತೋರಿಸಲಾರದು.

ಮಾತಿನ ವಿಷಯದಲ್ಲಿಯೂ ವ್ಯತ್ಯಾಸವಿದೆ. ನಮ್ಮ ನಾಟಕ ಹಾಗೂ ಚಲನಚಿತ್ರಗಳಲ್ಲಿ ಆಂಗ್ಲ ಅಧಿಕಾರಿ ಒಡೆದ ಕನ್ನಡದಲ್ಲಿ ಮಾತನಾಡುವುದು ಒಂದು ರೂಢಿ. ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961), ನಾಗಣ್ಣ ಅವರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (2012) ಇವುಗಳನ್ನು ನೋಡಿದ ಪ್ರೇಕ್ಷಕನಿಗೆ ಪರಕೀಯನೆಂದರೆ ಮೊದಲು ಉಚ್ಚಾರಣೆ, ಆಮೇಲೆ ಬಂದೂಕು. ಭಾಷೆ ಬಾರದ ಪರಕೀಯನನ್ನು ನೋಡಿ ನಗಬಹುದು. ನಕ್ಕಾಗ ಭಯ ಅರ್ಧ ಇಳಿಯುತ್ತದೆ. ಮಂಗಳದವರು ಒಂದು ಮಾತನ್ನೂ ಆಡುವುದಿಲ್ಲವಾದ್ದರಿಂದ ಅವರನ್ನು ನೋಡಿ ನಗುವ ದಾರಿಯೇ ಇಲ್ಲ.

ಚಿತ್ರದ ಮುಕ್ತಾಯದಲ್ಲಿ ಅಣುಬಾಂಬು ಮಾಡಲಾಗದ್ದನ್ನು ಸೂಕ್ಷ್ಮಾಣುಗಳು ಮಾಡುತ್ತವೆ. ಜನರು ಚರ್ಚಿನಲ್ಲಿ ಪ್ರಾರ್ಥಿಸುತ್ತಿರುವಾಗ ಯಂತ್ರಗಳು ಉರುಳುತ್ತವೆ. ವಸಾಹತಿನ ಇತಿಹಾಸ ಈ ಸಮಾಧಾನವನ್ನು ಒಪ್ಪುವುದಿಲ್ಲ. ಅಮೆರಿಕ ಖಂಡದಲ್ಲಿ ರೋಗಗಳು ಬಂದವರ ಪರವಾಗಿ ನಿಂತು ನೆಲದವರನ್ನು ಕೊಂದವು. ಭಾರತದಲ್ಲಿ 1817ರ ಕಾಲರಾ ಹೇಸ್ಟಿಂಗ್ಸ್‌ನ ಸೈನ್ಯವನ್ನು ಬುಂದೇಲಖಂಡದಲ್ಲಿ ಕಾಡಿತು, ನಿಜ. ಆದರೆ ಸೈನ್ಯ ಹಿಂದಿರುಗಲಿಲ್ಲ; ಮರುವರ್ಷವೇ ಪೇಶ್ವೆಯ ಆಳ್ವಿಕೆ ಮುಗಿದು ಈ ಸೀಮೆ ಕುಂಪಣಿಯ ನೆರಳಿಗೆ ಬಂತು. ಆಕ್ರಮಣಕಾರ ತಾನಾಗಿ ಸಾಯುವ ಕಥೆಯಲ್ಲಿ ಪ್ರತಿರೋಧಕ್ಕೆ ಕೆಲಸವಿಲ್ಲ. ರಾಯಣ್ಣನಂತಹ ಪಾತ್ರಕ್ಕೆ ಅಲ್ಲಿ ಸ್ಥಳವೂ ಇಲ್ಲ.

ಹಾಗಾದರೆ ಸೋತವರು ಕಥೆಯನ್ನು ಹೇಗೆ ಮುಗಿಸುತ್ತಾರೆ? ರಾಯಣ್ಣನ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದವನು ಆಂಗ್ಲ ಅಧಿಕಾರಿಯಾದ ಜೆ.ಎಫ್. ಫ್ಲೀಟ್. ದಾಳಿಯಿಟ್ಟವರ ಬಳಗದವನೇ ದಾಳಿಗೊಳಗಾದವರ ಹಾಡನ್ನು ಬರೆದುಕೊಂಡ ಈ ಪ್ರಸಂಗ, ವೆಲ್ಸ್‌ನ ಕಾದಂಬರಿಗಿಂತ ಸುಮಾರು ಒಂದು ದಶಕ ಹಿಂದಿನದು. ಆದರೆ ಹಾಡು ಅವನ ಪುಟಗಳಲ್ಲಿ ನಿಲ್ಲಲಿಲ್ಲ. ದಪ್ಪು, ತುಂತುಣಿಗಳೊಂದಿಗೆ ಗೀಗೀ ಮೇಳದವರು ಹಾಡುವಾಗ ಕಥೆ ಹೇಳುವವನು ಎಲ್ಲಿ ನಿಂತಿದ್ದಾನೆಂಬುದು ಕೇಳುಗನಿಗೆ ಗೊತ್ತು: ಅದೇ ಊರಿನ ಕಟ್ಟೆಯ ಮೇಲೆ, ಅದೇ ಮಣ್ಣಿನಲ್ಲಿ. ಹಾರ್ಡ್‌ವಿಕ್‌ನ ಧ್ವನಿಗೆ ಇಲ್ಲದ ವಿಳಾಸ ಈ ಧ್ವನಿಗಿದೆ.

ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅಲ್ಲಿನ ಸಮಾಧಿಯ ಬಳಿ ಬೆಳೆದ ಆಲದ ಮರಕ್ಕೆ ಮಕ್ಕಳಿಲ್ಲದವರು ಇಂದಿಗೂ ಹರಕೆಯ ತೊಟ್ಟಿಲು ಕಟ್ಟುತ್ತಾರೆ.