ಟೆನ್ಯೂರ್ ಇಲ್ಲವೆಂಬ ಪತ್ರ ಕೈಸೇರಿದ ದಿನ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವ ಕನ್ನಡಿಗರು ಸಾಕಷ್ಟಿದ್ದಾರೆ. ಅಲ್ಲಿ ಟೆನ್ಯೂರ್ ಎಂದರೆ ಕಾಯಂ ಹುದ್ದೆ. ಸಾಮಾನ್ಯವಾಗಿ ಆರನೇ ವರ್ಷ ವಿಭಾಗ, ಡೀನ್, ಪ್ರೊವೋಸ್ಟ್ ಎಂದು ಹಂತಹಂತವಾಗಿ ಕಡತ ಪರಿಶೀಲಿಸಿ ತೀರ್ಮಾನ ತಿಳಿಸುತ್ತಾರೆ. ‘ಇಲ್ಲ’ ಎಂದರೆ ಹೆಚ್ಚಿನ ಕಡೆ ಉಳಿಯುವುದು ಇನ್ನೊಂದೇ ವರ್ಷದ ಕೆಲಸ. ಬೇಡವೆಂದವರ ನಡುವೆಯೇ ಆ ವರ್ಷ ಓಡಾಡಿಕೊಂಡು ಪಾಠ ಮಾಡಬೇಕು. ನಿದ್ದೆ ಹಾರಿಹೋಗುತ್ತದೆ. ಊರಿಗೆ ಫೋನ್ ಮಾಡಿದರೆ ಅಪ್ಪ ಅಮ್ಮನಿಗೆ ಹೇಳಲು ಬಾಯಿ ಬರುವುದಿಲ್ಲ. ಹೀಗೆ ಮಂಕಾಗಿ ಕೂತಾಗಲೇ ಕಾನೂನಿನ ಗಡುವು ಮೀರಿಹೋಗುವ ಅಪಾಯ ಹೆಚ್ಚು.

ದಿನಗಳ ಲೆಕ್ಕ ಎಲ್ಲಿಂದ?

ನಿರಾಕರಣೆಗಳೆಲ್ಲ ಕಾನೂನುಬಾಹಿರವಲ್ಲ. ಸಂಶೋಧನೆಯ ಗುಣಮಟ್ಟವನ್ನು ಮತ್ತೆ ತೂಗಲು ನ್ಯಾಯಾಲಯಗಳು ಸಾಮಾನ್ಯವಾಗಿ ಮುಂದಾಗುವುದಿಲ್ಲ. ಆದರೆ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲ ದೇಶದ ಕಾರಣಕ್ಕೆ ತಾರತಮ್ಯ ಮಾಡುವುದನ್ನು 1964ರ ನಾಗರಿಕ ಹಕ್ಕುಗಳ ಕಾಯ್ದೆಯ 7ನೇ ಅಧ್ಯಾಯ ನಿಷೇಧಿಸುತ್ತದೆ. 1972ರ ತಿದ್ದುಪಡಿಯ ನಂತರ ಈ ರಕ್ಷಣೆ ಬೋಧಕರಿಗೂ ಸಿಕ್ಕಿತು. ಸಮಾನ ಉದ್ಯೋಗಾವಕಾಶ ಆಯೋಗಕ್ಕೆ (ಇಇಒಸಿ) 180 ದಿನಗಳೊಳಗೆ ದೂರು ಕೊಡಬೇಕು. ಇಂಥ ದೂರು ವಿಚಾರಿಸುವ ಸಂಸ್ಥೆ ಆ ರಾಜ್ಯದಲ್ಲೇ ಇದ್ದರೆ 300 ದಿನ.

ಲೈಬೀರಿಯಾ ಮೂಲದ ಪ್ರಾಧ್ಯಾಪಕ ರಿಕ್ಸ್ ಎಡವಿದ್ದು ಈ ಲೆಕ್ಕದಲ್ಲೇ. ಡೆಲವೇರ್ ಸ್ಟೇಟ್ ಕಾಲೇಜ್ ವಿರುದ್ಧ ರಿಕ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿದ್ದು ಇಷ್ಟು: ಗಡುವು ಶುರುವಾಗುವುದು ಕೆಲಸದ ಕೊನೆಯ ದಿನದಿಂದಲ್ಲ, ತೀರ್ಮಾನ ತಿಳಿಸಿದ ದಿನದಿಂದ. ಕಾಲೇಜಿನೊಳಗೆ ಮೇಲ್ಮನವಿ ನಡೆಯುತ್ತಿದೆ ಎಂಬುದೂ ಗಡುವನ್ನು ತಡೆಯುವುದಿಲ್ಲ. ಅವರ ದೂರು ತಡವಾಯಿತೆಂದು ವಜಾ ಆಯಿತು.

ತಕ್ಷಣ ಮಾಡಬೇಕಾದದ್ದು

1. ಪತ್ರ ತಲುಪಿದ ದಿನಾಂಕ ಬರೆದಿಡಿ. ಕಾರಣಗಳನ್ನು ಲಿಖಿತವಾಗಿ ಕೇಳಿ.
2. ಫ್ಯಾಕಲ್ಟಿ ಹ್ಯಾಂಡ್‌ಬುಕ್ ತೆರೆಯಿರಿ. ಒಳಗಿನ ಮೇಲ್ಮನವಿ ಬಹುಪಾಲು ಪ್ರಕ್ರಿಯೆಯ ಲೋಪಕ್ಕೆ ಸಂಬಂಧಿಸಿದ್ದು. ಅದರ ಗಡುವು ಕೆಲವೇ ವಾರ ಇರಬಹುದು.
3. ವಾರ್ಷಿಕ ಮೌಲ್ಯಮಾಪನದ ಪತ್ರಗಳು, ನಿಮಗೆ ಬಂದ ಇಮೇಲ್‌ಗಳು ಜೋಪಾನ. ಗೋಪ್ಯವೆನ್ನುವ ಪರಿಶೀಲನಾ ಕಡತವನ್ನೂ ಆಯೋಗ ತರಿಸಿಕೊಳ್ಳಬಹುದೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 1990ರಲ್ಲಿ ತೀರ್ಪಾಗಿದೆ.
4. ಉದ್ಯೋಗ ಕಾನೂನಿನ ವಕೀಲರನ್ನು ಕಾಣುವ ಮುನ್ನ ರಾಜೀನಾಮೆಗಾಗಲಿ, ರಾಜಿ ಪತ್ರಕ್ಕಾಗಲಿ ಸಹಿ ಹಾಕಬೇಡಿ.
5. ದಾವೆ ಹೂಡಲು ಆಯೋಗ ಅನುಮತಿ ಪತ್ರ ಕೊಟ್ಟರೆ, ಅದು ಕೈಸೇರಿದ 90 ದಿನಗಳಲ್ಲಿ ಕೋರ್ಟಿಗೆ ಹೋಗಬೇಕು.

ವೀಸಾದ ಮಾತು

ಎಚ್‌-1ಬಿ ವೀಸಾದಲ್ಲಿದ್ದವರಿಗೆ ಕೆಲಸ ಮುಗಿದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ. ದೇಶದಲ್ಲಿರಲು ಅನುಮತಿಸಿದ ಅವಧಿ (ಐ-94) ಅದಕ್ಕೂ ಮುಂಚೆ ಮುಗಿದರೆ ಅಲ್ಲಿಯವರೆಗೆ ಮಾತ್ರ. ವಿಶ್ವವಿದ್ಯಾಲಯಗಳಿಗೆ ಈ ವೀಸಾದ ವಾರ್ಷಿಕ ಮಿತಿ ಅನ್ವಯಿಸುವುದಿಲ್ಲ. ಹಾಗಾಗಿ ಹಿಂದೆ ಆ ಮಿತಿಯಲ್ಲಿ ಲೆಕ್ಕಕ್ಕೆ ಬಾರದವರು ಕಂಪನಿಗೆ ಸೇರಬೇಕಾದರೆ ಸಾಮಾನ್ಯವಾಗಿ ಲಾಟರಿಯಲ್ಲಿ ಆಯ್ಕೆಯಾಗಬೇಕು. ಉಳಿದ ಒಂದು ವರ್ಷವನ್ನು ಹೊಸ ಕೆಲಸ, ವೀಸಾದ ತಯಾರಿಗೆ ಬಳಸಿಕೊಳ್ಳಿ. ವಲಸೆ ವಕೀಲರನ್ನು ಬೇಗ ಕಾಣಿ.

ಇಷ್ಟಕ್ಕೂ ಮೊದಲು, ನಂಬಿಕೆಯ ಒಬ್ಬರಿಗಾದರೂ ವಿಷಯ ಹೇಳಿ. ನೀವು ಕುಸಿದು ಕೂತ ದಿನ ಗಡುವಿನ ಲೆಕ್ಕ ಇಡಲು ಇನ್ನೊಬ್ಬರಿರುತ್ತಾರೆ.